ಲ್ಯಾಮಿಂಗ್ಟನ್ ರೋಡಿನಿಂದ ತಂದ ಹಳೇ ಥಿಂಕ್‌ಪ್ಯಾಡ್: ಐದು ತಿಂಗಳು ಬಳಸಿದ ಮೇಲೆ

ಮೊದಲು ವಿಷಯ ಹೇಳಿಬಿಡುತ್ತೇನೆ. ಕಳೆದ ಸೆಪ್ಟೆಂಬರ್‌ನಲ್ಲಿ, ಅಂದರೆ 2025ರಲ್ಲಿ, ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಒಂದು ಪುಟ್ಟ ಅಂಗಡಿಯಿಂದ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ತಗೊಂಡೆ. ಕೊಟ್ಟಿದ್ದು 18,500 ರೂಪಾಯಿ. ಪ್ರೊಸೆಸರ್ ಇಂಟೆಲ್ ಐ5 ಎಂಟನೇ ಜನರೇಶನ್, 8 ಜಿಬಿ ರ‍್ಯಾಮ್, ಫೈಲ್ ಉಳಿಸಿಡೋಕೆ 256 ಜಿಬಿ ಎಸ್‌ಎಸ್‌ಡಿ. ದಿನಕ್ಕೆ ಏಳೆಂಟು ಗಂಟೆ ಬಳಸುತ್ತೇನೆ. ಹಗಲು ಎರಡು ಉಡುಪಿ ಹೋಟೆಲುಗಳ ಲೆಕ್ಕ, ಜಿಎಸ್‌ಟಿ ರಿಟರ್ನ್. ರಾತ್ರಿ ಊಟ ಆದ ಮೇಲೆ ನಮ್ಮ ಸಂಘದ ಮಾಸಪತ್ರಿಕೆಯ ಪುಟ ಕಟ್ಟುವ ಕೆಲಸ. ಇಷ್ಟಕ್ಕೆ ಈ ಮಷಿನ್ ಸಾಕು, ಬೇಕಾದಷ್ಟು ಸಾಕು. ಇನ್ನೊಮ್ಮೆ ತಗೋಬೇಕಾದರೂ ಇದನ್ನೇ ತಗೋತೀನಿ, ಅಲ್ಲೇ ತಗೋತೀನಿ.

ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ಅದು ಶುರುವಾಗಿದ್ದು ಜುಲೈ ಮಳೆಯಲ್ಲಿ.

ಆಗ ನನ್ನ ಹತ್ತಿರ ಇದ್ದದ್ದು 2014ರ ಲ್ಯಾಪ್‌ಟಾಪ್. ಮಧ್ಯೆ ಒಮ್ಮೆ ಎಸ್‌ಎಸ್‌ಡಿ ಹಾಕಿಸಿದ್ದೆ, ಹಾಗಾಗಿ ಚೆನ್ನಾಗೇ ಓಡುತ್ತಿತ್ತು. ಒಂದು ಸಂಜೆ ಡೊಂಬಿವ್ಲಿ ಸ್ಟೇಶನ್ನಿನಿಂದ ಮನೆಗೆ ಬರುವಷ್ಟರಲ್ಲಿ ಬ್ಯಾಗು ಪೂರ್ತಿ ಒದ್ದೆ. ಮರುದಿನ ಬಟನ್ ಒತ್ತಿದರೆ ಏನೂ ಇಲ್ಲ, ಲೈಟೂ ಇಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ತಗೊಂಡು ಹೋದೆ. ಯಾವ ಕಂಪನಿ, ಎಲ್ಲಿ ಅನ್ನೋದು ಇಲ್ಲಿ ಬೇಡ. ನೋಡುವುದಕ್ಕೇ 590 ರೂಪಾಯಿ ಕಟ್ಟಿಸಿಕೊಂಡರು. ಮೂರು ದಿನ ಬಿಟ್ಟು ಫೋನ್ ಬಂತು. ಮದರ್‌ಬೋರ್ಡ್ ಹೋಗಿದೆ, 14,000 ಆಗುತ್ತದೆ, ಪಾರ್ಟ್ ಸಿಗೋದು ಕಷ್ಟ, ಹೇಗೂ ಇದಕ್ಕೆ ವಿಂಡೋಸ್ 11 ಬರೋದಿಲ್ಲ, ಹೊಸದೇ ತಗೊಳ್ಳಿ ಅಂದರು. ಡೇಟಾ ಏನಾಗುತ್ತದೆ ಅಂತ ಕೇಳಿದೆ. ರಿಪೇರಿಗೆ ಬಿಡುವುದಾದರೆ ಡೇಟಾ ಹೋದರೂ ನಾವು ಹೊಣೆ ಅಲ್ಲ ಅಂತ ಬರೆದುಕೊಡಬೇಕು ಅಂದರು.

ನನಗೆ ಕೈಕಾಲು ತಣ್ಣಗಾಯಿತು. ಅದರಲ್ಲಿ ಹನ್ನೊಂದು ವರ್ಷದ ಪತ್ರಿಕೆಯ ಪುಟಗಳಿವೆ. ತೀರಿಹೋದ ಹಿರಿಯರ ಬಗ್ಗೆ ಮನೆಯವರು ಬರೆದುಕೊಟ್ಟ ನಾಲ್ಕು ಸಾಲು, ಸಂಘದ ಮಕ್ಕಳ ಹತ್ತನೇ ಕ್ಲಾಸಿನ ಫೋಟೋ, ಎಲ್ಲ ಅಲ್ಲೇ. ಬ್ಯಾಕಪ್ ಇದ್ದದ್ದು ಮಾರ್ಚ್‌ವರೆಗಿನದು ಮಾತ್ರ. ಆದರೆ ಒಂದು ವಿಷಯ ಈಗಲೂ ಚುಚ್ಚುತ್ತದೆ. ವಾಪಸ್ ತಂದು ತಿರುಗಿಸಿ ನೋಡಿದರೆ, ಹಿಂದಿನ ಸ್ಕ್ರೂ ಮೇಲೆ ನಾನೇ ಅಂಟಿಸಿದ್ದ ಚಿಕ್ಕ ಸ್ಟಿಕ್ಕರ್ ಇಟ್ಟ ಹಾಗೇ ಇತ್ತು. ಬಿಚ್ಚಿಯೇ ಇರಲಿಲ್ಲ. ಬಿಚ್ಚದೇ ಮದರ್‌ಬೋರ್ಡ್ ಹೋಗಿದೆ ಅಂತ ಹೇಗೆ ಹೇಳುತ್ತಾರೆ?

ಗ್ರಾಂಟ್ ರೋಡಿನಲ್ಲಿ ಕ್ಯಾಂಟೀನ್ ನಡೆಸುವ ಭಾವನಿಗೆ ಫೋನ್ ಮಾಡಿ ಹೇಳಿಕೊಂಡೆ. ಅವರು ಒಂದೇ ಮಾತು ಹೇಳಿದರು: "ನೀನು ಅದನ್ನ ಎಲ್ಲೂ ಬಿಡಬೇಡ ಮಾರಾಯ್ತಿ, ನಾಳೆ ತಗೊಂಡು ಬಾ."

ಲ್ಯಾಮಿಂಗ್ಟನ್ ರೋಡ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಅಂತ ಇರುತ್ತದೆ, ಆದರೆ ಟ್ಯಾಕ್ಸಿಯವರಿಗೂ ಅಂಗಡಿಯವರಿಗೂ ಅದು ಲ್ಯಾಮಿಂಗ್ಟನ್ ರೋಡೇ. 1903ರಿಂದ 1907ರವರೆಗೆ ಬಾಂಬೆಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರು ಇನ್ನೂ ಜನರ ಬಾಯಲ್ಲಿದೆ. ವೆಸ್ಟರ್ನ್ ಲೈನಿನ ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಪೂರ್ವಕ್ಕೆ ಬಂದರೆ ಸಾಕು. ನಾವು ಸೆಂಟ್ರಲ್ ಲೈನಿನವರು ದಾದರ್‌ನಲ್ಲಿ ಬದಲಿಸಿ ಸ್ಲೋ ಟ್ರೇನ್ ಹಿಡಿಯಬೇಕು, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ರಸ್ತೆಯ ಎರಡೂ ಕಡೆ ಕೇಬಲ್, ಸಿಸಿಟಿವಿ, ಟ್ರಾನ್ಸಿಸ್ಟರ್, ಸ್ಪೀಕರ್, ಪ್ರಿಂಟರ್ ಇಂಕು. ಹಳೇ ಕಟ್ಟಡಗಳ ಒಳಗೆ ಹೋದರೆ ಅಲ್ಲೇ ಇನ್ನೂ ಹತ್ತಾರು ಅಂಗಡಿ. ಒಂದೊಂದು ಅಂಗಡಿ ನಮ್ಮ ಅಡುಗೆಮನೆಯ ಅರ್ಧದಷ್ಟು. ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ, ಬೆಳಿಗ್ಗೆ ಹನ್ನೊಂದರ ಒಳಗೆ ಹೋದರೂ ಸುಮ್ನೆ ಕಾಯಬೇಕು.

ಭಾವ ಕರೆದುಕೊಂಡು ಹೋದ ಅಂಗಡಿ ಇಂಥದ್ದೇ ಒಂದು ಕಟ್ಟಡದ ಮೊದಲ ಮಹಡಿಯಲ್ಲಿದೆ. ಮಾಲೀಕರು ಕಚ್ಛಿ. ಬೆಂಚಿನ ಹಿಂದೆ ಕೂತಿದ್ದ ಹುಡುಗನಿಗೆ ಇಪ್ಪತ್ತೈದು ಇರಬಹುದು. ನಾನೂ ಭಾವನೂ ಮಾತಾಡುವುದು ಕೇಳಿ ತಲೆ ಎತ್ತಿ, "ಎಂತ ಆಯ್ತ್ ಅಕ್ಕಾ ಲ್ಯಾಪ್‌ಟಾಪಿಗೆ?" ಅಂದ. ಕುಂದಾಪುರದ ಕಡೆಯವನು. ಹದಿನಾರನೇ ವಯಸ್ಸಿಗೆ ಹೋಟೆಲ್ ಕೆಲಸಕ್ಕೆ ಅಂತ ಬಂದವನು, ರಾತ್ರಿ ಶಾಲೆಯಲ್ಲಿ ಹತ್ತನೆಯದು ಮುಗಿಸಿ, ಆಮೇಲೆ ಹಾರ್ಡ್‌ವೇರ್ ಕಲಿತವನು. ಮುಂಬೈಯಲ್ಲಿ ನಮ್ಮವರ ಎಷ್ಟೋ ಮನೆಗಳ ಕಥೆ ರಾತ್ರಿ ಶಾಲೆಯಿಂದಲೇ ಶುರುವಾಗುತ್ತದೆ, ಅಲ್ವಾ? ಹಗಲಿಡೀ ಮೇಜು ಒರೆಸಿ ರಾತ್ರಿ ಪುಸ್ತಕ ಹಿಡಿದವರು. ಅವನನ್ನು ನೋಡಿ ನನಗೆ ನಮ್ಮ ಅಪ್ಪ ನೆನಪಾದರು.

ಅವನು ಏನು ಮಾಡಿದ ಅನ್ನೋದನ್ನ ಪೂರ್ತಿ ಹೇಳಬೇಕು. ನನ್ನ ಕಣ್ಣೆದುರಿಗೇ ಬಿಚ್ಚಿದ. ಸ್ಕ್ರೂಗಳನ್ನು ಒಂದು ಕಾಗದದ ಮೇಲೆ, ಅವು ಇದ್ದ ಜಾಗದ ಲೆಕ್ಕಕ್ಕೇ ಜೋಡಿಸಿಟ್ಟ. ರ‍್ಯಾಮ್ ಸ್ಟಿಕ್ ತೆಗೆದು ಬೆಳಕಿಗೆ ಹಿಡಿದು ತೋರಿಸಿದ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಸಣ್ಣ ಕಪ್ಪು ಕಲೆ ಕೂತಿತ್ತು. ಶಾಲೆ ಮಕ್ಕಳ ಬಿಳಿ ರಬ್ಬರ್ ತಗೊಂಡು, ಒಂದೇ ದಿಕ್ಕಿಗೆ, ನಿಧಾನಕ್ಕೆ ಉಜ್ಜಿದ. ಹಿಂದೆ ಮುಂದೆ ಉಜ್ಜಬಾರದಂತೆ, ಪಟ್ಟಿ ಎದ್ದು ಬರಬಹುದಂತೆ. ಆಮೇಲೆ ಹಲ್ಲುಜ್ಜುವ ಬ್ರಶ್ಶನ್ನು ಐಪಿಎಯಲ್ಲಿ ಅದ್ದಿ ಬೋರ್ಡ್ ತೊಳೆದ. ಐಪಿಎ ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್. ನೀರಿನ ಹಾಗೆ ಉಳಿಯದೆ ಬೇಗ ಆರಿಹೋಗುತ್ತದೆ. ಚಾರ್ಜರ್ ಪಿನ್ ಹೋಗುವ ಸಾಕೆಟ್ ತುಕ್ಕು ಹಿಡಿದಿತ್ತು, ಅದನ್ನು ಬದಲಿಸಿದ. ಒಂದೂವರೆ ಗಂಟೆ ಕೆಲಸ. 650 ರೂಪಾಯಿ. ಬಟನ್ ಒತ್ತಿದಾಗ ಬಿಳಿ ಲೈಟು ಬಂತು, ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಅವನು ಕಾಣದವನ ಹಾಗೆ ತಿರುಗಿ ಕೂತ, ಒಳ್ಳೆ ಹುಡುಗ.

ಹಾಗಾದರೆ ಇನ್ನೊಂದು ಯಾಕೆ ಕೊಂಡೆ? ವಿಂಡೋಸ್ 10 ಮುಗಿಯುವುದಿತ್ತು. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆಯಲ್ಲಿ ಬಳಸುವವರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, 2026ರ ಅಕ್ಟೋಬರ್‌ವರೆಗೆ, ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ನಿಂತರೂ ಮಷಿನ್ ಓಡುತ್ತದೆ, ಆದರೆ ಹೊಸ ಕಳ್ಳದಾರಿ ಪತ್ತೆಯಾದಾಗ ಅದನ್ನು ಮುಚ್ಚುವವರು ಇರುವುದಿಲ್ಲ. ಬೇರೆಯವರ ಹೋಟೆಲಿನ ಲೆಕ್ಕ, ಬ್ಯಾಂಕಿನ ಪಾಸ್‌ವರ್ಡು ನನ್ನ ಕೈಯಲ್ಲಿರುವಾಗ ಆ ಅಪಾಯ ನಾನು ತಗೊಳ್ಳುವ ಹಾಗಿಲ್ಲ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಬೀಗದ ಕೈಗಳನ್ನು ಬೇರೆಯಾಗಿ ಭದ್ರವಾಗಿ ಇಟ್ಟುಕೊಳ್ಳುವ ಒಂದು ವ್ಯವಸ್ಥೆ ಅದು. ಜೊತೆಗೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ನಿನಿಂದ ಈಚಿನ ಪ್ರೊಸೆಸರೇ ಆಗಬೇಕು. ಭದ್ರತೆಯ ಕಾರಣ ನನಗೆ ಅರ್ಥವಾಗುತ್ತದೆ, ಸುಳ್ಳು ಅಂತ ಹೇಳಲ್ಲ. ಆದರೆ ಆ ಗೆರೆಯ ಆಚೆ ಉಳಿದ ಮಷಿನ್‌ಗಳಲ್ಲಿ ಎಷ್ಟೋ ಇನ್ನೂ ಗಟ್ಟಿಮುಟ್ಟಾಗಿವೆ. ಲೆಕ್ಕ ಬರೆಯುವ, ಪತ್ರ ಟೈಪ್ ಮಾಡುವ, ಮಕ್ಕಳು ಪಾಠ ನೋಡುವ ಮಷಿನ್‌ಗಳು. ಅವುಗಳನ್ನು ಒಂದು ತಾರೀಖು ನೋಡಿ ಗುಜರಿಗೆ ಹಾಕಿ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಎಂಟನೇ ಜನರೇಶನ್ ಅನ್ನೋ ಗೆರೆಯಿಂದ ನಮ್ಮಂಥವರಿಗೆ ಒಂದು ಅನುಕೂಲವೂ ಆಗಿದೆ, ಅದನ್ನ ಹುಡುಗನೇ ವಿವರಿಸಿದ. ಅದಕ್ಕೆ ಮೊದಲಿನ ತೆಳು ಲ್ಯಾಪ್‌ಟಾಪುಗಳ ಐ5ನಲ್ಲಿ ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಭಾಗ, ಇರುತ್ತಿದ್ದವು. 2017ರಲ್ಲಿ ಬಂದ ಎಂಟನೇ ಜನರೇಶನ್ನಿನ ಐ5-8250ಯುನಲ್ಲಿ ಅದೇ 15 ವ್ಯಾಟ್‌ನಲ್ಲಿ ನಾಲ್ಕು ಕೋರ್ ಬಂದವು. ಆ ಪ್ರೊಸೆಸರ್ ಇರುವ ಟಿ480 2018ರದ್ದು. ಐಟಿ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಲಾಟ್ ಲಾಟ್ ಆಗಿ ಬಿಟ್ಟುಬಿಡುವ ಮಾಲು ಇದು, ಹಾಗಾಗಿ ಬಜಾರಿನಲ್ಲಿ ಬೇಕಾದಷ್ಟು ಸಿಗುತ್ತದೆ. ವಿಂಡೋಸ್ 11 ಯಾವ ಕಸರತ್ತೂ ಇಲ್ಲದೆ ಹತ್ತುತ್ತದೆ.

ಕೊಳ್ಳುವ ದಿನ ಹುಡುಗ ಏಳು ಮಷಿನ್ ಮೇಜಿನ ಮೇಲೆ ಇಟ್ಟು, "ನೀವೇ ಕಾಣಿ ಅಕ್ಕಾ, ಅವಸರ ಮಾಡ್ಬೇಡಿ" ಅಂದ. ಎರಡು ಗಂಟೆ ಕೂತೆ. ಹೊರಗಿನ ಹೊಳಪು ನೋಡಿ ಮರುಳಾಗಬೇಡಿ. ಎ ಗ್ರೇಡ್, ಬಿ ಗ್ರೇಡ್ ಅಂತ ಹೇಳುವುದು ಹೆಚ್ಚಾಗಿ ಮೈಮೇಲಿನ ಗೀರು ನೋಡಿ. ನಾನು ಮೊದಲು ನೋಡಿದ್ದು ಬ್ಯಾಟರಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಆಜ್ಞೆ ಇದೆ, ಅಂಗಡಿಯವರಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಅದರಲ್ಲಿ ಹೊಸದಿದ್ದಾಗ ಎಷ್ಟು ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ ಅಂತ ಎರಡು ಅಂಕಿ ಇರುತ್ತವೆ. ಈ ಮಷಿನ್‌ಗೆ ಒಳಗೊಂದು ಹೊರಗೊಂದು ಬ್ಯಾಟರಿ. ನನ್ನದರಲ್ಲಿ ಒಳಗಿನ ಬ್ಯಾಟರಿ ಹೊಸದಿದ್ದಾಗ 24 ವ್ಯಾಟ್-ಅವರ್, ಈಗ ಸುಮಾರು 17. ಏಳು ವರ್ಷದ ಮಷಿನ್‌ಗೆ ಇದು ಸಹಜ. ಹೊರಗಿನದು 11ಕ್ಕೆ ಇಳಿದಿತ್ತು, ಅದನ್ನು ಬದಲಿಸಿಕೊಡಿ ಅಂತ ಹಟ ಹಿಡಿದೆ, ಕೊಟ್ಟರು.

ಆಮೇಲೆ ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ. ಆನ್ ಮಾಡಿದ ತಕ್ಷಣ ಎಫ್1 ಒತ್ತಿ ಒಳಗೆ ಹೋಗಿ ನೋಡಬೇಕು. ಪಾಸ್‌ವರ್ಡ್ ಕೇಳಿದರೆ ಆ ಮಷಿನ್ ಬೇಡವೇ ಬೇಡ. ಹಳೇ ಕಂಪನಿ ಹಾಕಿದ ಬೀಗ ಅದು, ಮುಂದೆ ಯಾವತ್ತಾದರೂ ಕಾಡುತ್ತದೆ. ಏಳರಲ್ಲಿ ಒಂದಕ್ಕೆ ಹಾಗಿತ್ತು, ಹುಡುಗ ತಾನಾಗೇ ಪಕ್ಕಕ್ಕಿಟ್ಟ. ಪರದೆ ಆರಿಸುವಾಗಲೂ ಎಚ್ಚರ. ಟಿ480ನಲ್ಲಿ 1366x768 ಚುಕ್ಕಿಗಳ (ಪಿಕ್ಸೆಲ್) ಪರದೆಯೂ ಇದೆ, 1920x1080ರದ್ದೂ ಇದೆ. ಬೆಲೆಯಲ್ಲಿ ವ್ಯತ್ಯಾಸ ಸಾವಿರ ಒಂದೂವರೆ ಸಾವಿರ ಇರಬಹುದು, ಕಣ್ಣಿಗೆ ಮಾತ್ರ ಅಜಗಜಾಂತರ. ಕನ್ನಡದ ಒತ್ತಕ್ಷರ ಇಡೀ ದಿನ ನೋಡುವವರು ಚುಕ್ಕಿ ಜಾಸ್ತಿ ಇರುವುದನ್ನೇ ಕೇಳಿ ತಗೊಳ್ಳಿ. ಸಣ್ಣ ಅಕ್ಷರದಲ್ಲಿ ಕ್ಷ್ಮ, ತ್ಸ್ನ ಇಂಥವು ಮುದ್ದೆಯಾಗಿ ಕಾಣುತ್ತಿದ್ದರೆ ತಪ್ಪು ತಿದ್ದುವುದು ಹೇಗೆ? ಕೊನೆಗೆ ಎಲ್ಲ ಕೀ ಒಂದೊಂದಾಗಿ ಒತ್ತಿ, ಎಲ್ಲ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡೆ. ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅನ್ನುವ ಅಂಗಡಿಗಳೂ ಅಲ್ಲಿವೆ. ಅಂಥ ಕಡೆ ಹೋಗಬೇಡಿ.

ಈಗ ಬಳಕೆ. ತೂಕ ಒಂದೂವರೆ ಕಿಲೋಗೆ ಸ್ವಲ್ಪ ಮೇಲೆ, ಚಾರ್ಜರ್ ಬೇರೆ. ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡು ಹೋಗುವಾಗ ಹೆಗಲಿಗೆ ಗೊತ್ತಾಗುತ್ತದೆ. ಆದರೆ ಪಕ್ಕದಲ್ಲಿ ನೋಡಿ, ಪೂರ್ತಿ ಗಾತ್ರದ ಎಚ್‌ಡಿಎಂಐ ಇದೆ, ಲ್ಯಾನ್ ಕೇಬಲಿನ ಜಾಗ ಇದೆ, ಎಸ್‌ಡಿ ಕಾರ್ಡ್ ಸ್ಲಾಟ್ ಇದೆ, ದೊಡ್ಡ ಯುಎಸ್‌ಬಿ ಎರಡು, ಸಿ ಟೈಪ್ ಎರಡು. ಮಾಟುಂಗಾದ ಹೋಟೆಲಿನ ಬಿಲ್ಲಿಂಗ್ ಕೌಂಟರಿಗೆ ಹೋದಾಗ ಅವರ ಲ್ಯಾನ್ ಕೇಬಲನ್ನೇ ಸೀದಾ ಸಿಕ್ಕಿಸುತ್ತೇನೆ. ಕಾರ್ಯಕ್ರಮದ ಫೋಟೋ ತೆಗೆಯುವ ಹಿರಿಯರು ಕ್ಯಾಮೆರಾದ ಕಾರ್ಡನ್ನೇ ಕೈಗೆ ಕೊಡುತ್ತಾರೆ, ಅದೂ ಸೀದಾ ಹೋಗುತ್ತದೆ. ಒಂದು ಅಡಾಪ್ಟರೂ ಬೇಡ.

ಎರಡು ಬ್ಯಾಟರಿ ಇರುವುದು ನನಗೆ ತುಂಬಾ ಇಷ್ಟವಾದ ವಿಷಯ. ಒಂದು ಒಳಗೆ, ಒಂದು ಹಿಂದೆ. ಹಿಂದಿನದನ್ನು ಮಷಿನ್ ಆಫ್ ಮಾಡದೆಯೇ ತೆಗೆದು ಬೇರೆ ಹಾಕಬಹುದು, ಅಷ್ಟು ಹೊತ್ತು ಒಳಗಿನದು ಹಿಡಿದುಕೊಂಡಿರುತ್ತದೆ. ಮೊದಲ ಸಲ ಮಾಡುವಾಗ ಎದೆ ಡವಡವ ಅಂದಿತು, ತೆರೆದಿದ್ದ ಪುಟ ಅಲ್ಲಾಡಲೇ ಇಲ್ಲ. ನನಗೆ ಎರಡೂ ಸೇರಿ ನಾಲ್ಕೂವರೆ ಗಂಟೆ ಬರುತ್ತದೆ. ಹೊಸ ಲ್ಯಾಪ್‌ಟಾಪುಗಳು ಇದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತವೆ, ಅದು ನಿಜ. ಇಡೀ ದಿನ ಪ್ಲಗ್ ಸಿಗದ ಕಡೆ ಓಡಾಡುವವರಿಗೆ ಇದು ಸರಿಹೋಗದು.

ಕೀಬೋರ್ಡ್ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಇರುವುದು. ಇಂಗ್ಲಿಷಿನ 26 ಕೀಗಳಲ್ಲೇ ಇಡೀ ಕನ್ನಡ ಬರುತ್ತದೆ. ಒತ್ತಕ್ಷರಕ್ಕೆ ಎಫ್ ಒತ್ತುತ್ತೇವೆ, ಮಹಾಪ್ರಾಣಕ್ಕೆ ಶಿಫ್ಟ್. ದಿನಕ್ಕೆ ಎಷ್ಟು ಸಾವಿರ ಸಲ ಎಫ್ ಒತ್ತುತ್ತೇನೋ. ಹಳೇ ಮಷಿನ್‌ನಲ್ಲಿ ಎಡಗೈಯ ತೋರುಬೆರಳು ಸಂಜೆಗೆ ನೋಯುತ್ತಿತ್ತು. ಇದರಲ್ಲಿ ಕೀ ಆಳವಾಗಿ ಇಳಿದು ತಾನಾಗೇ ಎತ್ತಿಕೊಡುತ್ತದೆ. ಮಧ್ಯದ ಕೆಂಪು ಗುಂಡಿ ಐಬಿಎಂ 1992ರಲ್ಲಿ ಮೊದಲ ಥಿಂಕ್‌ಪ್ಯಾಡ್ ತಂದ ಕಾಲದಿಂದಲೂ ಇದೆ. 2005ರಲ್ಲಿ ಲೆನೊವೊ ಕೊಂಡುಕೊಂಡ ಮೇಲೂ ಉಳಿಯಿತು. ಕೈ ಎತ್ತದೆ ಬಾಣ ಸರಿಸಬಹುದು. ಅಭ್ಯಾಸ ಆಗೋಕೆ ಎರಡು ವಾರ ಹಿಡಿಯಿತು.

ನುಡಿಯ ಹಳೇ ಫೈಲ್‌ಗಳೆಲ್ಲ ಇಲ್ಲಿಗೆ ಬಂದಿವೆ. ಇದು ಮಷಿನ್ ವಿಷಯ ಅಲ್ಲ, ಆದರೂ ಹೇಳುತ್ತೇನೆ. ಹಿಂದಿನ ನುಡಿ, ಬರಹ ಫಾಂಟಿನ ಫೈಲ್‌ಗಳಲ್ಲಿ ಕನ್ನಡ ಕಾಣುವುದು ಆ ಫಾಂಟು ಇರುವವರೆಗೆ ಮಾತ್ರ. ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ಮೇಲೆ ಕೊಂಬು ಬಾಲ ಬಂದ ಹಾಗೆ ಕಾಣುತ್ತದೆ. ನಿಮ್ಮ ಸಂಘದಲ್ಲೂ ಇಂಥ ಫೈಲ್ ಇದ್ದರೆ ಈಗಲೇ ಯಾವ ಮಷಿನ್‌ನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡಿಗೆ ಬದಲಿಸಿಕೊಳ್ಳಿ, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನಾನು ದಿನಕ್ಕೆ ಒಂದು ಸಂಚಿಕೆಯ ಲೆಕ್ಕದಲ್ಲಿ ಮಾಡುತ್ತಿದ್ದೇನೆ. ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪುತ್ತದೆ, ಕೂತು ತಿದ್ದಬೇಕು.

ಅಂಗಡಿಯ ಸೇವೆಯಲ್ಲಿ ಒಂದು ಕೊರತೆ ಇದೆ, ಅದನ್ನೂ ಹೇಳಬೇಕು. ಜೊತೆಗೆ ಕೊಟ್ಟ ಚಾರ್ಜರ್ ಲೋಕಲ್ ಮಾಲು. ಎರಡನೇ ವಾರದಲ್ಲೇ ಕಿಂಯ್ ಅಂತ ಸದ್ದು ಮಾಡಿ, ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಮೂರು ತಿಂಗಳ ಟೆಸ್ಟಿಂಗ್ ವಾರಂಟಿ ಅಂತ ಬಿಲ್ಲಿನಲ್ಲಿ ಬರೆದಿದ್ದರೂ, ಚಾರ್ಜರ್ ಅದರಲ್ಲಿ ಬರೋದಿಲ್ಲ ಅಂತ ಮಾಲೀಕರು ವಾದ ಮಾಡಿದರು. ನಾನೂ ಬಿಡಲಿಲ್ಲ. ಕೊನೆಗೆ ಹಳೇ ಆದರೂ ಅಸಲಿ 65 ವ್ಯಾಟ್ ಚಾರ್ಜರ್ ಕೊಟ್ಟರು, 300 ರೂಪಾಯಿ ಮೇಲೆ ತಗೊಂಡರು. ಆ 300 ಕೇಳಬಾರದಿತ್ತು ಅಂತಲೇ ನನ್ನ ಅಭಿಪ್ರಾಯ. ಚಾರ್ಜರ್ ವಿಷಯದಲ್ಲಿ ಮೊದಲೇ ಮಾತಾಡಿಕೊಳ್ಳಿ, ಅಸಲಿದೇ ಕೇಳಿ.

ರ‍್ಯಾಮ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸಿಟ್ಟು ಇದೆ. ಈ ಮಷಿನ್‌ನಲ್ಲಿ ರ‍್ಯಾಮಿಗೆ ಎರಡು ಸ್ಲಾಟ್. ಒಂದರಲ್ಲಿ 8 ಜಿಬಿ, ಇನ್ನೊಂದು ಖಾಲಿ. ಸೆಪ್ಟೆಂಬರ್‌ನಲ್ಲಿ ಹುಡುಗ, "ಅಕ್ಕಾ, ಇನ್ನೊಂದ್ 8 ಈಗ್ಲೇ ಹಾಕ್ಸಿ, ರೇಟ್ ಏರ್ತಾ ಇತ್ತ್" ಅಂದಿದ್ದ. ಆಗ 1,900. ಗಣಪತಿ ಖರ್ಚು ಆಗಿತ್ತು, ದೀಪಾವಳಿ ಆಗಲಿ ಅಂದೆ. ಡಿಸೆಂಬರ್‌ನಲ್ಲಿ ಹೋದರೆ ಅದೇ ಸ್ಟಿಕ್ 4,600. ಮೂರೇ ತಿಂಗಳಲ್ಲಿ!

ಕಾರಣ ಈ ರಸ್ತೆಯಲ್ಲಿಲ್ಲ, ಅಂಗಡಿಯವರನ್ನು ಬೈದು ಫಲ ಇಲ್ಲ. ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರುಗಳಿಗೆ ಎಚ್‌ಬಿಎಂ ಅನ್ನುವ ಬೇರೆ ಥರದ ಮೆಮೊರಿ ಬೇಕು, ಅದರಲ್ಲಿ ಲಾಭ ಜಾಸ್ತಿ, ಒಂದೊಂದಕ್ಕೆ ಸಿಲಿಕಾನ್ ಬಿಲ್ಲೆಯೂ ಜಾಸ್ತಿ ಹೋಗುತ್ತದೆ. ಕಾರ್ಖಾನೆಗಳು ಆ ಕಡೆ ವಾಲಿದವು. ನಮ್ಮಂಥ ಹಳೇ ಲ್ಯಾಪ್‌ಟಾಪಿನ ಡಿಡಿಆರ್4 ಥರದ ಮೆಮೊರಿ ಮಾಡುವುದನ್ನೇ ಕಡಿಮೆ ಮಾಡಿದರು. ಡಿಸೆಂಬರ್ 3ರಂದು ಮೈಕ್ರಾನ್, ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಹೇಳಿತು, ಫೆಬ್ರವರಿ ಕೊನೆಯವರೆಗೆ ಮಾತ್ರ ಮಾಲು ಕಳಿಸುತ್ತೇವೆ ಅಂತ. 29 ವರ್ಷ ನಡೆದ ಬ್ರಾಂಡು. ಲ್ಯಾಮಿಂಗ್ಟನ್ ರೋಡಿನಲ್ಲಿ ಆ ಹೆಸರು ಕೇಳದ ಅಂಗಡಿ ಇಲ್ಲ. ಎಲ್ಲೋ ಮಾಡುವ ಎಐ ಲೆಕ್ಕಾಚಾರಕ್ಕೆ ಡೊಂಬಿವ್ಲಿಯ ಮನೆಯ ಲ್ಯಾಪ್‌ಟಾಪ್ ದುಬಾರಿಯಾಯಿತು. ನಾನೂ ಎಐ ಬಳಸುತ್ತೇನೆ, ಇಂಗ್ಲಿಷ್ ಪತ್ರ ಬರೆಯೋಕೆ ಸಹಾಯ ಆಗುತ್ತದೆ. ಆದರೆ ಅದರ ಬೆಲೆಯನ್ನು ಅದನ್ನು ಕೇಳದವರ ಕೈಯಿಂದಲೂ ವಸೂಲಿ ಮಾಡುವುದು ನ್ಯಾಯ ಅನ್ನಿಸುವುದಿಲ್ಲ.

ಹೊಸ ಅಂಗಡಿಗಳಲ್ಲಿ ಈಗ ಎಐ ಪಿಸಿ ಅಂತ ಬೋರ್ಡು. 2024ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಕೋಪೈಲಟ್ ಪ್ಲಸ್ ಪಿಸಿ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 16 ಜಿಬಿ ರ‍್ಯಾಮ್, ಜೊತೆಗೆ ಎಐಗೆ ಅಂತಲೇ ಬೇರೆ ಚಿಪ್ ಭಾಗ ಇರಬೇಕು. ಕೀಬೋರ್ಡಿನಲ್ಲಿ ಅದಕ್ಕೊಂದು ಕೀ. ನನ್ನ ಯಜಮಾನರ ಜೊತೆ ಮಾಲ್‌ಗೆ ಹೋದಾಗ ನೋಡಿದೆ, ತೆಳ್ಳಗೆ, ಚೆಂದ. ಸೇಲ್ಸ್‌ನ ಹುಡುಗಿಗೆ ಒಂದೇ ಪ್ರಶ್ನೆ ಕೇಳಿದೆ: ರ‍್ಯಾಮ್ ಮುಂದೆ ಹೆಚ್ಚಿಸಬಹುದಾ? ಇಲ್ಲ ಮ್ಯಾಡಮ್, ಬೋರ್ಡಿಗೇ ಬೆಸುಗೆ ಆಗಿರುತ್ತದೆ ಅಂದಳು. ಬೆಸುಗೆ ಹಾಕುವುದಕ್ಕೆ ಕಾರಣ ಇದೆ, ಕರೆಂಟು ಕಮ್ಮಿ ಸಾಕು, ವೇಗ ಜಾಸ್ತಿ, ದಪ್ಪ ಕಮ್ಮಿ. ಆದರೆ ಐದು ವರ್ಷದ ಮೇಲೆ ಒಂದು ಚಿಪ್ಪು ಕೆಟ್ಟರೆ ಆ ಕುಂದಾಪುರದ ಹುಡುಗ ರಬ್ಬರ್ ಹಿಡಿದು ಏನು ಮಾಡಿಯಾನು? ಬೇರೆ ದಾರಿ ಇಲ್ಲ ಅನ್ನುವುದೂ ಸುಳ್ಳು. 2024ರ ಥಿಂಕ್‌ಪ್ಯಾಡ್ ಟಿ14 ಐದನೇ ಪೀಳಿಗೆಯಲ್ಲಿ ಎರಡು ರ‍್ಯಾಮ್ ಸ್ಲಾಟ್ ವಾಪಸ್ ಬಂದವು, ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಕೊಡುವ ಐಫಿಕ್ಸಿಟ್‌ನವರು ಅದಕ್ಕೆ 10ಕ್ಕೆ 9 ಕೊಟ್ಟರು. ಅದೇ ವರ್ಷ, ಬೆಸುಗೆಯ ರ‍್ಯಾಮಿನಷ್ಟೇ ಕಮ್ಮಿ ಕರೆಂಟು ಎಳೆದೂ ಸ್ಕ್ರೂ ಬಿಚ್ಚಿ ಬದಲಿಸಬಹುದಾದ ಎಲ್‌ಪಿಕ್ಯಾಮ್2 ಅನ್ನೋ ರ‍್ಯಾಮ್ ಲ್ಯಾಪ್‌ಟಾಪಿನಲ್ಲಿ ಬಂತು. ಮನಸ್ಸು ಮಾಡಿದರೆ ಆಗುತ್ತದೆ.

ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ರಿಪೇರಿಗೆ ಎಷ್ಟು ಅನುಕೂಲ ಅಂತ ಹತ್ತಕ್ಕೆ ಅಂಕ ಬರೆದು ತೋರಿಸಬೇಕು. ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ. ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸುವ ಹಾಗೆ ಲ್ಯಾಪ್‌ಟಾಪಿನ ಮೇಲೂ ಅಂಥ ಅಂಕ ಅಂಟಿಸಿದ ದಿನ ನಾನು ಮೊದಲು ನೋಡುವುದು ಅದನ್ನೇ.

ಈ ಟಿ480 ಬಿಚ್ಚುವುದು ಹೇಗೆ ಅಂತ ಹುಡುಗ ನನಗೇ ಕಲಿಸಿದ. ಮೊದಲು ಬಯಾಸ್‌ನಲ್ಲಿ ಒಳಗಿನ ಬ್ಯಾಟರಿಯನ್ನು ಆಫ್ ಮಾಡಬೇಕು, ಅದಕ್ಕೆ ಅಲ್ಲೇ ಒಂದು ಆಯ್ಕೆ ಇದೆ. ಹಿಂದಿನ ಬ್ಯಾಟರಿ ಕಳಚಬೇಕು. ಮುಚ್ಚಳದ ಸ್ಕ್ರೂಗಳು ಸಡಿಲವಾಗುತ್ತವೆ, ಬಿದ್ದುಹೋಗುವುದಿಲ್ಲ, ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ. ಅಂಚಿನಲ್ಲಿ ಹಳೇ ಎಟಿಎಂ ಕಾರ್ಡ್ ತೂರಿಸಿ ನಿಧಾನಕ್ಕೆ ಎಳೆದರೆ ಟಕ್ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಜನವರಿಯಲ್ಲಿ ಮನೆಯಲ್ಲೇ, ಅಡುಗೆಮನೆಯ ಕಟ್ಟೆ ಒರೆಸಿ, ನಾನೇ ಬಿಚ್ಚಿ ಫ್ಯಾನಿನ ಧೂಳು ತೆಗೆದೆ. ಮಗಳು ಟಾರ್ಚ್ ಹಿಡಿದಿದ್ದಳು. ಏಳು ವರ್ಷದ ಧೂಳು, ಬೂದಿ ಬಣ್ಣದ ಉಣ್ಣೆಯ ಹಾಗೆ ಒಂದೇ ಪದರವಾಗಿ ಎದ್ದು ಬಂತು. ಆವತ್ತಿನಿಂದ ಫ್ಯಾನಿನ ಸದ್ದು ಅರ್ಧ ಆಗಿದೆ.

2014ರ ಲ್ಯಾಪ್‌ಟಾಪನ್ನೂ ಬಿಸಾಡಲಿಲ್ಲ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಸಿದೆ, ಅದೇ ಹುಡುಗನ ಕೈಯಲ್ಲಿ, 300 ರೂಪಾಯಿಗೆ. ಮಾವನವರು ಅದರಲ್ಲಿ ಯಕ್ಷಗಾನ ನೋಡುತ್ತಾರೆ, ಊರಿನ ಪೇಪರ್ ಓದುತ್ತಾರೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಇರುವುದನ್ನು ಆರಿಸಿದರೆ ನುಡಿಯ ಹಾಗೇ ಟೈಪ್ ಮಾಡಬಹುದು, ಬೇರೆ ಏನೂ ಹಾಕಬೇಕಿಲ್ಲ. ಎಪ್ಪತ್ತಾರರ ವಯಸ್ಸಿನಲ್ಲಿ ಅವರು ತಮ್ಮ ಹೋಟೆಲ್ ದಿನಗಳನ್ನು ಬರೆಯುತ್ತಿದ್ದಾರೆ, ದಿನಕ್ಕೆ ಹತ್ತು ಸಾಲು. ಆದರೆ ಒಂದು ಮಾತು. ನಿಮ್ಮ ಕೆಲಸಕ್ಕೆ ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್ ಬೇಕೇ ಬೇಕು ಅಂದರೆ ಲಿನಕ್ಸ್ ನಂಬಿ ಕೂರಬೇಡಿ, ಅಲ್ಲಿ ತೊಂದರೆ ಆಗುತ್ತದೆ.

ವಿಡಿಯೋ ಎಡಿಟಿಂಗ್ ಮಾಡುವವರಿಗೆ, ಗೇಮ್ ಆಡುವ ಮಕ್ಕಳಿಗೆ ಈ ಟಿ480 ಬೇಡ. ಕಾಲೇಜಿಗೆ ಹೋಗುವ ಮಕ್ಕಳು, ಲೆಕ್ಕ ಬರೆಯುವವರು, ಟೈಪಿಂಗ್ ಮಾಡುವವರು, 20,000ದ ಒಳಗೆ ಹುಡುಕುತ್ತಿರುವವರು ಧೈರ್ಯವಾಗಿ ನೋಡಬಹುದು. ಪುಣೆ ಕಡೆಯವರು ಇಷ್ಟು ದೂರ ಬರಬೇಕಾಗಿಲ್ಲ, ಅಲ್ಲೂ ಐಟಿ ಕಂಪನಿಗಳ ಹಳೇ ಮಾಲು ಸಿಗುತ್ತದೆ, ಮೇಲೆ ಹೇಳಿದ್ದನ್ನೆಲ್ಲ ನೋಡಿ ತಗೊಳ್ಳಿ.

ಆ ಖಾಲಿ ಸ್ಲಾಟ್ ಹಾಗೇ ಉಳಿದಿತ್ತು. 4,600 ಕೊಡೋಕೆ ಮನಸ್ಸು ಬರಲಿಲ್ಲ. ಕೆಟ್ಟುಹೋದ ಮಷಿನ್ ಯಾವುದಾದರೂ ಬಂದರೆ ಅದರ ರ‍್ಯಾಮ್ ಚೆನ್ನಾಗಿದ್ದರೆ ಎತ್ತಿಡು ಅಂತ ಹುಡುಗನಿಗೆ ಹೇಳಿಬಂದಿದ್ದೆ. ನಿನ್ನೆ ರಾತ್ರಿ ಮೆಸೇಜ್ ಬಂತು: "ಅಕ್ಕಾ, 8 ಜಿಬಿ ಒಂದ್ ಸಿಕ್ಕಿತ್. ಇಡೀ ರಾತ್ರಿ ಟೆಸ್ಟ್‌ಗೆ ಹಾಕಿದ್ದೆ, ಪಾಸ್ ಆಯ್ತ್. 2,400 ಹೇಳ್ತಾ ಇದ್ರ್ ಸೇಠ್, ನಾ ಮಾತಾಡ್ತೆ. ಶನಿವಾರ ಬನ್ನಿ."